ವಿ-ಸ್ಟ್ರಾಮ್ 650 ಕೊಟ್ಟು ಸಣ್ಣ ಬೈಕ್ ತಗೊಳ್ಳಲಾ? ಅನುಭವ ಇದ್ದವರು ಹೇಳಿ

ಬಿಜೈಯಲ್ಲಿ ಮನೆ, ಸುರತ್ಕಲ್‌ನಲ್ಲಿ ಕೆಲಸ. ನಾಲ್ಕು ವರ್ಷದಿಂದ ಸುಜುಕಿ ವಿ-ಸ್ಟ್ರಾಮ್ 650 ಎಕ್ಸ್‌ಟಿ ಇದೆ. ನನಗೀಗ 47. ಹೋದ ಮಳೆಗಾಲದಲ್ಲಿ ಮಂಡಿ ನೋವು ಶುರುವಾಯಿತು. ಆಮೇಲೆ ಬೈಕ್ ಹೊರಗೆ ತೆಗೆಯುವುದೇ ಕಡಿಮೆಯಾಗಿದೆ, ಸ್ಕೂಟರ್‌ನಲ್ಲೇ ಓಡಾಟ. ಹೀರೋ ಎಕ್ಸ್‌ಪಲ್ಸ್ 200 4ವಿ ಅಥವಾ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮನಸ್ಸಿನಲ್ಲಿದೆ. ದೊಡ್ಡದರಿಂದ ಸಣ್ಣದಕ್ಕೆ ಬಂದವರು ದಯವಿಟ್ಟು ಹೇಳಿ. ಆಮೇಲೆ ಬೇಜಾರಾಯಿತಾ?

ಉಡುಪಿ ಸಂತೆಕಟ್ಟೆಯಿಂದ:

ನಾನು ಕವಾಸಾಕಿ ವರ್ಸಿಸ್ 650 ಕೊಟ್ಟು ಎಕ್ಸ್‌ಪಲ್ಸ್ ತಗೊಂಡವನು. ಮೂರು ವರ್ಷ ಆಯಿತು.

ಮೊದಲು ಒಂದು ಲೆಕ್ಕ ನೋಡಿ ಮಾರಾಯ್ರೇ. ನಿಮ್ಮ ಬೈಕ್ 216 ಕೆಜಿ. ಹಿಮಾಲಯನ್ 450 ಅಂದರೆ 196 ಕೆಜಿ. ಎಕ್ಸ್‌ಪಲ್ಸ್ 160ರ ಒಳಗೆ. ಹಿಮಾಲಯನ್‌ಗೆ ಹೋದರೆ ಸಿಸಿ ಇನ್ನೂರರಷ್ಟು ಇಳಿಯುತ್ತದೆ, ತೂಕ ಮಾತ್ರ ಇಪ್ಪತ್ತೇ ಕೆಜಿ. ನಿಮ್ಮ ತೊಂದರೆ ಮಂಡಿಯದ್ದು. ಸಿಸಿ ನೋಡಬೇಡಿ, ತೂಕ ನೋಡಿ. ಸೀಟಿನ ಎತ್ತರ ಮೂರರಲ್ಲೂ ಹೆಚ್ಚು ಕಡಿಮೆ ಒಂದೇ, 825ರಿಂದ 845 ಮಿ.ಮೀ. ಒಳಗೆ. ಹಾಗಾಗಿ ಸಣ್ಣ ಬೈಕ್ ತಗೊಂಡ ಕೂಡಲೇ ಎರಡೂ ಪಾದ ನೆಲಕ್ಕೆ ಮುಟ್ಟುತ್ತದೆ ಅಂತ ಅಂದುಕೊಳ್ಳಬೇಡಿ. ಎಕ್ಸ್‌ಪಲ್ಸ್‌ನಲ್ಲಿ ಒಂದೇ ಕಾಲು ಊರಿದರೂ ಬೈಕ್ ನಿಲ್ಲುತ್ತದೆ. ನನಗೆ ಸಿಕ್ಕಿದ ಲಾಭ ಅದು.

ನಾನು ಬದಲಾಯಿಸಲು ಕಾರಣ ನಮ್ಮ ಮನೆಯ ದಾರಿ. ರಸ್ತೆಯಿಂದ ಕೆಳಗೆ ಕಾಂಕ್ರೀಟ್ ಇಳಿಜಾರು, ಕೊನೆಗೆ ಕೆಂಪು ಕಲ್ಲಿನ ಕಾಂಪೌಂಡ್. ಜೂನ್ ಬಂತೆಂದರೆ ಪಾಚಿ. ಒಂದು ಬೆಳಿಗ್ಗೆ ರೈನ್‌ಕೋಟ್ ಹಾಕಿಕೊಂಡು ವರ್ಸಿಸ್ ಅನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಎಡಗಾಲು ಜಾರಿತು. ಬೈಕ್ ನಿಧಾನಕ್ಕೆ ವಾಲಿತು, ಹಿಡಿದೆ, ಆದರೆ ಒಂದು ಹಂತ ದಾಟಿದ ಮೇಲೆ ಹಿಡಿಯಲು ಆಗುವುದಿಲ್ಲ. ಕಾಲು ಕಲ್ಲಿಗೂ ಬೈಕಿಗೂ ನಡುವೆ ಸಿಕ್ಕಿತು. ಮೂಳೆಗೆ ಏನೂ ಆಗಲಿಲ್ಲ. ಪಕ್ಕದ ಮನೆಯವರು ಓಡಿ ಬಂದರು, ಇಬ್ಬರೂ ಸೇರಿ ಎತ್ತಿದೆವು. ಆವತ್ತಿನಿಂದ ಬೈಕ್ ತೆಗೆಯುವ ಮೊದಲು ಮೋಡ ನೋಡುವ ಅಭ್ಯಾಸ ಬಂತು. ಆ ಮಳೆಗಾಲದಲ್ಲಿ ಓಡಿಸಿದ್ದು 300 ಕಿ.ಮೀ. ಕೂಡ ಇಲ್ಲ. ಕವರ್ ಹೊದ್ದು ನಿಂತ ಬೈಕ್ ನೋಡಿ ನಿಜಕ್ಕೂ ನೋವಾಗುತ್ತಿತ್ತು.

ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ. ಘಾಟಿಯ ತಿರುವಿನಲ್ಲಿ ಮೇಲಿನಿಂದ ಬಸ್ ಬಂದರೆ ಏರಿನಲ್ಲೇ ನಿಲ್ಲಬೇಕಲ್ವಾ? ವರ್ಸಿಸ್‌ನಲ್ಲಿ ನನಗೆ ಅದೇ ದೊಡ್ಡ ಹೆದರಿಕೆ. ಈಗ ನಿಲ್ಲುತ್ತೇನೆ, ಬಸ್ಸಿಗೆ ದಾರಿ ಬಿಡುತ್ತೇನೆ, ಹೊರಡುತ್ತೇನೆ. ಅಡಿಕೆ ತೋಟದ ನಡುವಿನ ಮಣ್ಣಿನ ದಾರಿ ಕಂಡರೆ ಒಳಗೆ ಹೋಗಿ ನೋಡುತ್ತೇನೆ. ಮುಂದೆ ದಾರಿ ಮುಗಿದರೆ ಅಲ್ಲೇ ತಿರುಗಿಸಿಕೊಂಡು ಬರಬಹುದು. ದೊಡ್ಡ ಬೈಕ್ ಇದ್ದಾಗ ಅಂಥ ದಾರಿಗಳನ್ನು ಎಷ್ಟು ಬಿಟ್ಟುಬಂದಿದ್ದೆನೋ.

ಕಳೆದುಕೊಂಡದ್ದೂ ಉಂಟು, ಮುಚ್ಚಿಡುವುದಿಲ್ಲ. ಎನ್‌ಎಚ್ 66ರಲ್ಲಿ 80-85ರವರೆಗೆ ಚೆಂದ ಓಡುತ್ತದೆ. 90 ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಟ್ಯಾಂಕರ್ ದಾಟಬೇಕಾದರೆ ಮೊದಲೇ ಲೆಕ್ಕ ಹಾಕಬೇಕು, ಆಕ್ಸಿಲರೇಟರ್ ತಿರುವಿದ ಕೂಡಲೇ ಮುನ್ನುಗ್ಗುವ ಕಾಲ ಹೋಯಿತು. ಶಿರಾಡಿ ಹತ್ತಿ ಒಂದೇ ದಿನದಲ್ಲಿ ಬೆಂಗಳೂರಿಗೆ ಒಮ್ಮೆ ಹೋದೆ. ಮತ್ತೆ ಹೋಗುವುದಿಲ್ಲ.

ಇನ್ನೊಂದು ಮರೆಯಬೇಡಿ, ಟಯರ್. ನಿಮ್ಮ ಎಕ್ಸ್‌ಟಿಗೆ ಸ್ಪೋಕ್ ಇದ್ದರೂ ಟ್ಯೂಬ್‌ಲೆಸ್. ಎಕ್ಸ್‌ಪಲ್ಸ್‌ಗೆ ಟ್ಯೂಬ್. ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಕುದುರೆಮುಖ ಕಡೆ ಹೋಗುವಾಗ ನಾನು ಹಿಂದಿನದ್ದು ಮುಂದಿನದ್ದು ಎರಡೂ ಟ್ಯೂಬ್ ಇಟ್ಟುಕೊಳ್ಳುತ್ತೇನೆ.

ಶೋರೂಮ್‌ನಲ್ಲಿ ಟೆಸ್ಟ್ ರೈಡ್ ಮಾತ್ರ ಮಾಡಿ ಬರಬೇಡಿ. ಎಂಜಿನ್ ಆಫ್ ಮಾಡಿ, ಸ್ವಲ್ಪ ಏರು ಇರುವ ಜಾಗದಲ್ಲಿ ಸೀಟಿನಲ್ಲಿ ಕುಳಿತೇ ಕಾಲಿನಿಂದ ಹಿಂದಕ್ಕೆ ತಳ್ಳಿ. ಆಮೇಲೆ ಇಳಿದು ಪಕ್ಕದಲ್ಲಿ ನಿಂತು ತಳ್ಳಿ. ಐದು ನಿಮಿಷದಲ್ಲಿ ಮಂಡಿಯೇ ಉತ್ತರ ಹೇಳುತ್ತದೆ.

ಮಂಗಳೂರು ಕದ್ರಿಯಿಂದ:

ಅಣ್ಣಾ, ನಾನು ಹಿಮಾಲಯನ್ ಕಡೆಯವಳು. ಮೊದಲು ನನ್ನಲ್ಲೂ ವಿ-ಸ್ಟ್ರಾಮ್ 650 ಇತ್ತು. ಎತ್ತರ 5 ಅಡಿ 4 ಇಂಚು.

ತೂಕದ ಲೆಕ್ಕ ಸರಿಯೇ. ಪಾರ್ಕಿಂಗ್‌ನಲ್ಲಿ ತಳ್ಳುವಾಗ ವಿ-ಸ್ಟ್ರಾಮ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಓಡುವಾಗ ಮಾತ್ರ ಇದು ತುಂಬಾ ಹಗುರ ಅನಿಸುತ್ತದೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಹಿಂದೆ ಕೂರುವವರು. ತಿಂಗಳಿಗೊಮ್ಮೆ ನಾನೂ ಯಜಮಾನರೂ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಹೋಗುತ್ತೇವೆ. ಇಬ್ಬರು, ಎರಡು ಬ್ಯಾಗ್. ತಮ್ಮನ ಎಕ್ಸ್‌ಪಲ್ಸ್‌ನಲ್ಲಿ ಹಾಗೇ ಹತ್ತಿ ನೋಡಿದ್ದೇನೆ, ಎರಡನೇ ಗೇರ್ ಬಿಟ್ಟು ಮೇಲೆ ಬರಲಿಲ್ಲ. 40 ಪಿಎಸ್ ಶಕ್ತಿಯ ಹಿಮಾಲಯನ್‌ಗೆ ಅದು ಕಷ್ಟವೇ ಅಲ್ಲ. ಟ್ಯಾಂಕ್ 17 ಲೀಟರ್, ನನಗೆ 28ರ ಮೈಲೇಜ್ ಬರುತ್ತಿದೆ. ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಪೆಟ್ರೋಲ್ ಚಿಂತೆಯಿಲ್ಲ.

ನಂತೂರು ಸರ್ಕಲ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಸಿಕ್ಕಿಹಾಕಿಕೊಂಡರೆ ಇದರ ಎಂಜಿನ್ ತಣಿಸುವ ಫ್ಯಾನ್‌ನ ಗಾಳಿಯೂ ಬಿಸಿಯೇ. ಬಿಸಿ ತಪ್ಪುತ್ತದೆ ಅಂತ ನಿರೀಕ್ಷಿಸಬೇಡಿ.

ಖರ್ಚಿನ ಬಗ್ಗೆ ಒಂದು ಮಾತು. 350 ಸಿಸಿ ಅನ್ನುವುದು ಗಡಿ. 2025ರ ಸೆಪ್ಟೆಂಬರ್ 22ರಿಂದ ಅದರ ಒಳಗಿನ ಹೊಸ ಬೈಕಿಗೆ ಜಿಎಸ್‌ಟಿ 18%, ಮೇಲಿನದಕ್ಕೆ 40%. ಥರ್ಡ್ ಪಾರ್ಟಿ ವಿಮೆಗೂ ಅದೇ ಗಡಿ. 2022ರಲ್ಲಿ ನಿಗದಿಯಾದ ದರದಲ್ಲಿ 150ರಿಂದ 350ರವರೆಗೆ ವರ್ಷಕ್ಕೆ 1,366 ರೂಪಾಯಿ, 350ರ ಮೇಲೆ 2,804. ಅಂದರೆ ತೆರಿಗೆ ಮತ್ತು ವಿಮೆಯ ಲೆಕ್ಕದಲ್ಲಿ ಹಿಮಾಲಯನ್ 450 ಇನ್ನೂ ದೊಡ್ಡ ಬೈಕೇ. ಹಣ ಉಳಿಸಲು ಇಳಿಯುವುದಾದರೆ 200ಕ್ಕೇ ಇಳಿಯಿರಿ.

ಕುಂದಾಪುರದಿಂದ:

ನನಗೆ ಬೇಜಾರಾದದ್ದು ಬೈಕ್ ಬದಲಿಸಿದ್ದಕ್ಕಲ್ಲ, ಗಡಿಬಿಡಿಯಲ್ಲಿ ಮಾರಿದ್ದಕ್ಕೆ. ಜುಲೈಯಲ್ಲಿ ಮಾರಲು ಹೊರಟೆ. ಆ ಮಳೆಯಲ್ಲಿ ದೊಡ್ಡ ಬೈಕ್ ನೋಡಲು ಬರುವವರು ಯಾರು? ಬಂದ ಒಬ್ಬ ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟೆ. ದಸರಾ ಕಳೆದ ಮೇಲೆ ಅದೇ ಮಾಡೆಲ್‌ಗೆ ಒಳ್ಳೆಯ ಬೆಲೆ ಬಂತು. ಡಿಸೆಂಬರ್‌ನಲ್ಲಿ ಗೆಳೆಯರು ಗೋವಾಕ್ಕೆ ಹೊರಟಾಗ ಮನೆಯಲ್ಲಿ ಸುಮ್ನೆ ಕೂತಿದ್ದೆ.

ಆಗುವುದಾದರೆ ಸಣ್ಣದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಒಂದು ಮಳೆಗಾಲ ಎರಡನ್ನೂ ಇಟ್ಟುಕೊಳ್ಳಿ. ಯಾವುದರ ಕೀ ಕೈಗೆ ಜಾಸ್ತಿ ಬರುತ್ತದೆ ಅಂತ ಆಗ ಗೊತ್ತಾಗುತ್ತದೆ. ಹಳೆಯದು ನೋಡುವಾಗ ಸ್ಪೋಕ್ ಮತ್ತು ಅದನ್ನು ರಿಮ್‌ಗೆ ಬಿಗಿಯುವ ನಿಪ್ಪಲ್ ಸರಿಯಾಗಿ ನೋಡಿ. ನಮ್ಮ ಕಡಲ ಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ, ಮಲ್ಪೆ, ಮರವಂತೆ ಕಡೆಯ ಬೈಕ್ ಆದರೆ ಇನ್ನೂ ಹುಷಾರು.

ಕೇಳಿದವರಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ತೂಕ ಇಪ್ಪತ್ತೇ ಕೆಜಿ ಕಡಿಮೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ನನ್ನ ಹಿಂದೆ ಯಾರೂ ಕೂರುವುದಿಲ್ಲ, ಬೆಂಗಳೂರಿಗೆ ಬಸ್ಸಿನಲ್ಲೇ ಹೋಗುವುದು. ಭಾನುವಾರಕ್ಕೆ ಗೆಳೆಯನ ಎಕ್ಸ್‌ಪಲ್ಸ್ ಕೇಳಿದ್ದೇನೆ. ನಮ್ಮ ಗೇಟಿನ ಹತ್ತಿರವೂ ಏರು ಉಂಟು. ಅಲ್ಲೇ ಹಿಂದಕ್ಕೆ ತಳ್ಳಿ ನೋಡಿ ಬಂದು ಬರೆಯುತ್ತೇನೆ.