ಅಡಿಕೆ ಸುಲಿಯೋ ಕೈಗೆ ಟಚ್ ಫೋನ್: ಅಮ್ಮಂಗೆ ಹೆಂಗೆ ಸೆಟ್ ಮಾಡ್ಕೊಡೋದು?

ತೋಟದಮನೆ

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 67 ವರ್ಷ, ತೀರ್ಥಹಳ್ಳಿ ಕಡೆ ಊರಲ್ಲಿದಾರೆ, ನಾನಿರೋದು ಬೆಂಗ್ಳೂರಲ್ಲಿ. ಇಷ್ಟು ದಿನ ಬಟನ್ ಫೋನ್ ಇತ್ತು, 2 ಒತ್ತಿ ಹಿಡಿದ್ರೆ ನಂಗೆ, 3 ಒತ್ತಿ ಹಿಡಿದ್ರೆ ತಂಗಿಗೆ, ಅಷ್ಟರಲ್ಲೇ ಅವ್ರ ಫೋನಿನ ಕೆಲ್ಸ ಮುಗೀತಿತ್ತು. ಮೊಮ್ಮಗಳ ಮುಖ ನೋಡ್ಬೇಕು ಅಂತ ತುಂಬಾ ಹೇಳ್ತಿದ್ರಲ್ಲ ಅಂತ ದಸರಾ ರಜೆಗೆ ಹೋದಾಗ ಒಂದು ಆಂಡ್ರಾಯ್ಡ್ ಫೋನ್ ಕೊಡ್ಸಿ ಬಂದೆ.

ಆಂಡ್ರಾಯ್ಡೇ ತಗೊಂಡಿದ್ದಕ್ಕೆ ಕಾರಣ ಅದನ್ನ ನಮಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದು ಅಂತ. ಒಂದಿಡೀ ಮಧ್ಯಾಹ್ನ ಕೂತು ಭಾಷೆ ಕನ್ನಡ ಮಾಡಿದೆ, ಅಕ್ಷರ ದೊಡ್ಡದು ಮಾಡಿದೆ, ಬೇಡದ್ದೆಲ್ಲ ತೆಗ್ದು ಹೋಮ್ ಸ್ಕ್ರೀನಲ್ಲಿ ಬರೀ ನಾಲ್ಕು ಇಟ್ಟೆ: ನನ್ ಫೋಟೋ, ತಂಗಿ ಫೋಟೋ, ವಾಟ್ಸಾಪ್, ಟಾರ್ಚ್. ಫೋಟೋ ಮುಟ್ಟಿದ್ರೆ ಸೀದಾ ಕಾಲ್ ಹೋಗೋ ಥರ. ಅವ್ರಿಗೂ ಖುಷಿ ಆಗಿತ್ತು.

ಕೊಯ್ಲು ಶುರುವಾಗಿ ಎರಡು ವಾರ ಆಗಿಲ್ಲ, ಎಲ್ಲಾ ಚೆಲ್ಲಾಪಿಲ್ಲಿ. ಪಕ್ಕದ ಮನೆ ಫೋನಿಂದ ಮಾಡಿ "ನಿನ್ ಫೋಟೋನೇ ಕಾಣ್ತಿಲ್ಲ ಮಾರಾಯ, ಎಲ್ಲೋಯ್ತು" ಅಂತಾರೆ. ಹೋದ ವಾರ ಊರಿಗೆ ಹೋಗಿ ಪಕ್ಕದಲ್ಲೇ ಕೂತು ನೋಡ್ದೆ. ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲ್ದು ಸುಲ್ದು ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿ, ತುದಿ ಒಡೆದು ಮರದ ಚಕ್ಕೆ ಥರ ಆಗ್ಬಿಟ್ಟಿದೆ. ಫೋಟೋ ಮೇಲೆ ಬೆರಳಿಟ್ರೆ ಏನೂ ಆಗಲ್ಲ. ಆಗ್ಲಿಲ್ವಲ್ಲ ಅಂತ ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತಿ ಹಿಡಿತಾರೆ. ಅಷ್ಟರಲ್ಲಿ ಫೋನಿಗೆ ಇದು ಐಕಾನ್ ಎತ್ತೋಕೆ ಹೇಳ್ತಿರೋದು ಅನ್ಸತ್ತೆ, ಬೆರಳು ಒಂಚೂರು ಜಾರಿದ್ರೂ ಫೋಟೋ ಮೇಲೆ ಹೋಗಿ 'ತೆಗೆದುಹಾಕಿ' ಅನ್ನೋ ಕಡೆ ಬೀಳತ್ತೆ. ನನ್ನ ಕಣ್ಣೆದುರೇ ಹಂಗಾಯ್ತು. ಅವ್ರು ಮುಖ ಸಣ್ಣ ಮಾಡ್ಕೊಂಡು "ನಂಗೆ ಬರಲ್ಲ ಬಿಡು" ಅಂದಾಗ ತುಂಬಾ ಬೇಜಾರಾಯ್ತು, ಯಾಕಂದ್ರೆ ತಪ್ಪು ಅವ್ರದ್ದಲ್ಲ.

ಮತ್ತೆ ಬಟನ್ ಫೋನೇ ಕೊಡ್ಲಾ, ಇಲ್ಲ ಇದನ್ನೇ ಸರಿ ಮಾಡೋಕೆ ದಾರಿ ಇದ್ಯಾ? ನಮ್ ಭಾವ ಐಫೋನ್ ಕೊಡ್ಸು, ಅದ್ರಲ್ಲಿ ಏನೂ ಆಚೀಚೆ ಆಗಲ್ಲ ಅಂತಿದಾರೆ.

ಡಿಸ್ಪ್ಲೇ ಅಂಗಡಿ, ಶಿವಮೊಗ್ಗ

ಅಣ್ಣ, ಇದು ನಮ್ ಅಂಗಡಿಗೆ ಪ್ರತಿ ಕೊಯ್ಲಲ್ಲೂ ಬರೋ ಕೇಸು, ಟಚ್ ಹೋಗಿದೆ ಬದಲಾಯಿಸ್ಕೊಡಿ ಅಂತ ತರ್ತಾರೆ, ನಾನು ಮುಟ್ಟಿದ್ರೆ ಚೆನ್ನಾಗೇ ಇರತ್ತೆ. ಈಗಿನ ಸ್ಕ್ರೀನ್ ಒತ್ತಡಕ್ಕೆ ಕೆಲ್ಸ ಮಾಡೋದಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತಂತಿ ಜಾಲ ಇರತ್ತೆ, ಚರ್ಮದಲ್ಲಿ ಪಸೆ ಇರೋದ್ರಿಂದ ಬೆರಳು ಹತ್ರ ಬಂದಾಗ ಅಲ್ಲಿರೋ ಸಣ್ಣ ಚಾರ್ಜಲ್ಲಿ ವ್ಯತ್ಯಾಸ ಆಗತ್ತೆ, ಫೋನು ನೋಡೋದು ಅದನ್ನ. ಚರ್ಮ ಒಣಗಿ ದಡ್ಡುಗಟ್ಟಿದ್ರೆ ಆ ವ್ಯತ್ಯಾಸ ಸಾಲಲ್ಲ, ಎಷ್ಟು ಗಟ್ಟಿಯಾಗಿ ಒತ್ತಿದ್ರೂ ಅಷ್ಟೇ. ಉಗುರಲ್ಲಿ ಒತ್ತಿದ್ರೆ ಆಗದೇ ಇರೋದೂ ಅದಕ್ಕೇ. ಹಿಂದೆ ಕಡ್ಡಿ ಇಟ್ಕೊಂಡು ಒತ್ತೋ ಟಚ್ ಫೋನ್ ಬರ್ತಿತ್ತಲ್ಲ, ಅದು ಒತ್ತಡದ್ದು, ಅಮ್ಮನ ಕೈಗೆ ಅದೇ ಚೆನ್ನಾಗಿತ್ತು, ಏನ್ ಮಾಡೋದು ಈಗ ಬರಲ್ಲ.

ಮೊದ್ಲು ಮಾಡ್ಬೇಕಾದ್ದು, ಮೇಲೆ ಟೆಂಪರ್ಡ್ ಗ್ಲಾಸ್ ದಪ್ಪದ್ದು ಹಾಕ್ಸಿದ್ರೆ ಕೀಳ್ಸಿ, ತೆಳ್ಳಗಿನ ಪ್ಲಾಸ್ಟಿಕ್ ಶೀಟ್ ಹಾಕ್ಸಿ. ಆಮೇಲೆ ಡಿಸ್ಪ್ಲೇ ಸೆಟ್ಟಿಂಗಲ್ಲಿ ಟಚ್ ಸೆನ್ಸಿಟಿವಿಟಿ ಅಂತ ಇದ್ಯಾ ನೋಡಿ, ಕೆಲವು ಫೋನಲ್ಲಿ ಗ್ಲೋವ್ ಮೋಡ್ ಅಂತಿರತ್ತೆ, ಆನ್ ಮಾಡಿ. ಆಕ್ಸೆಸಿಬಿಲಿಟಿಗೆ ಹೋಗಿ 'ಟಚ್ ಅಂಡ್ ಹೋಲ್ಡ್ ಡಿಲೇ' ಅನ್ನೋದನ್ನ ಲಾಂಗ್ ಮಾಡಿ, ಆಗ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೂ ಐಕಾನ್ ಏಳಲ್ಲ. ಎಲ್ಲಕ್ಕಿಂತ ಮುಖ್ಯ ಹೋಮ್ ಸ್ಕ್ರೀನ್ ಸೆಟ್ಟಿಂಗಲ್ಲಿ ಲೇಔಟ್ ಲಾಕ್. ಸುಮಾರು ಜನ ಎಲ್ಲಾ ಚಂದ ಜೋಡ್ಸಿ ಬೀಗ ಹಾಕೋದನ್ನೇ ಮರೀತಾರೆ. ನಿಮ್ ಲಾಂಚರಲ್ಲಿ (ಹೋಮ್ ಸ್ಕ್ರೀನ್ ತೋರ್ಸೋ ಆ್ಯಪ್) ಲಾಕ್ ಇಲ್ದಿದ್ರೆ ಲಾಂಚರೇ ಬದಲಾಯಿಸಿ, ಆ ಅನುಕೂಲ ಇದೆಯಲ್ಲ ಆಂಡ್ರಾಯ್ಡಲ್ಲಿ.

ಇನ್ನೊಂದು, ಫಿಂಗರ್‌ಪ್ರಿಂಟ್ ಲಾಕ್ ಇಟ್ಟಿದ್ರೆ ತೆಗೀರಿ. ರೇಷನ್ ಅಂಗಡೀಲೇ ಆ ಬೆರಳು ಓದಲ್ಲ, ಫೋನಲ್ಲಿ ಎಲ್ಲಿ ಓದತ್ತೆ. ಕೆಲ್ಸ ಮುಗಿದ್ಮೇಲೆ ಕೈ ತೊಳ್ದು ಒದ್ದೆ ಬಟ್ಟೇಲಿ ಬೆರಳ ತುದಿ ಒಂದ್ಸಲ ಒರೆಸ್ಕೊಳ್ಳೋಕೆ ಹೇಳಿ, ಪಸೆ ಸಾಕು, ನೀರು ತೊಟ್ಟಿಕ್ತಿದ್ರೆ ಅದೂ ಆಗಲ್ಲ.

ಧಾರವಾಡದ ಮಗಳು

ನಮ್ಮ ಅಪ್ಪಾರದೂ ಹಿಂಗ ಆಗಿತ್ರಿ, ಅವರಿಗೆ ಕೈ ಅಲ್ಲ, ಕಣ್ಣಿನ ತೊಂದ್ರಿ. ಆಂಡ್ರಾಯ್ಡ್ 14 ಬಂದಮ್ಯಾಲೆ ಅಕ್ಷರ 200% ತನಕ ದೊಡ್ಡದು ಮಾಡಾಕ ಬರತೈತಿ, ಅದು ಭಾಳ ಛಲೋ ಆತು, ಆದ್ರ ಕೆಲವು ಆ್ಯಪಿನಾಗ ಕನ್ನಡ ಅಕ್ಷರ ದೊಡ್ಡದಾದ್ರ ಕೆಳಗಿನ ಒತ್ತು ಕತ್ತರಿಸಿ ಹೋಗತಾವು, ಬಟನ್ ಮ್ಯಾಲಿನ ಶಬ್ದ ಅರ್ಧಾನೇ ಕಾಣತೈತಿ. ಇಷ್ಟು ವರ್ಷ ಆದ್ರೂ ಇದನ್ನ ಯಾರೂ ಸರಿ ಮಾಡಿಲ್ಲಲ್ಲ ಅಂತ ನನಗ ಖರೇನ ಸಿಟ್ಟು ಬರತೈತ್ರಿ.

ನಿಮಗ ಒಂದು ಮಾತು ಹೇಳತೇನಿ. ಬೇಕಾದಂಗ ಬದಲಾಯಿಸೋ ಫೋನಿನ ದೊಡ್ಡ ತೊಂದ್ರಿ ಅಂದ್ರ ಒಬ್ಬರ ಫೋನ್ ಇನ್ನೊಬ್ಬರ ಫೋನಿನಂಗ ಇರಂಗಿಲ್ಲ. ನಾನು ಬೆಳಗಾವಿಯಿಂದ "ಅಪ್ಪಾ, ಕೆಳಗ ಬಲಕ್ಕ ನೋಡ್ರಿ" ಅಂದ್ರ ಅಲ್ಲೆ ಅದು ಇರಂಗೇ ಇಲ್ಲ. ಬಾಜೂ ಮನಿ ಹುಡುಗಗ ತೋರಿಸಿದ್ರ ಅವಂಗೂ ತಿಳಿಯಂಗಿಲ್ಲ. ಅದಕ್ಕ ನಾನು ಏನ್ ಮಾಡೇನಿ ಅಂದ್ರ ನಂದೊಂದು ಹಳೇ ಫೋನಿಗೆ ಅಪ್ಪಾರದ್ದರಂಗ ಅದೇ ಲಾಂಚರ್, ಅದೇ ಜಾಗಾ, ಎಲ್ಲಾ ಹಂಗ ಇಟ್ಟೇನಿ, ಅದನ್ನ ಕೈಯಾಗ ಹಿಡಕೊಂಡ ಹೇಳತೇನಿ. ವಾಟ್ಸಾಪ್ ವಿಡಿಯೋ ಕಾಲಿನಾಗ 2023ರಿಂದ ಸ್ಕ್ರೀನ್ ಶೇರ್ ಐತಲ್ಲ, ಅದೂ ಉಪಯೋಗ ಆಗತೈತಿ. ಆದ್ರ ಮಕ್ಕಳನ್ನ ಬಿಟ್ಟು ಬ್ಯಾರೆ ಯಾರು ಕೇಳಿದ್ರೂ, ಬ್ಯಾಂಕಿನವ್ರು ಅಂದ್ರೂ, ಸ್ಕ್ರೀನ್ ತೋರಿಸಬ್ಯಾಡ್ರಿ ಅಂತ ಅಮ್ಮಾರಿಗೆ ನಾಕ್ ಸಲ ಹೇಳ್ರಿ. ಒಟಿಪಿ ಸೈತ ಕಾಣತೈತಿ ಅದರಾಗ.

ಕೆಳಗ ಮೂರು ಬಟನ್ ಇರೋ ನ್ಯಾವಿಗೇಶನ್ ಇಡ್ರಿ, ಆ ಸರಿಸೋ ಜೆಸ್ಚರ್ ವಯಸ್ಸಾದವರಿಗೆ ಬ್ಯಾಡ. ಮತ್ತ ದೊಡ್ಡ ಅಪ್‌ಡೇಟ್ ಆದಾಗೊಮ್ಮೆ ನೀವೇ ಎಲ್ಲಾ ನೋಡ್ರಿ, ನಮ್ಮ ಅಪ್ಪಾರ ಫೋನಿನಾಗ ಒಂದು ಅಪ್‌ಡೇಟ್ ಆದ ಮರುದಿನ ಹಳೇ ಹೋಮ್ ಸ್ಕ್ರೀನ್ ವಾಪಸ್ ಬಂದು ಅವರು ಫೋನ್ ಕೆಟ್ಟತಿ ಅಂತ ಎರಡು ದಿನ ಬಂದ್ ಮಾಡಿ ಇಟ್ಟಿದ್ರು.

ರಾಮ್‌ರೊಟ್ಟಿ

ನಾನು ಸಯನೋಜನ್‌ಮಾಡ್ ಕಾಲದಿಂದ ಕಸ್ಟಮ್ ರಾಮ್ (ಕಂಪನಿ ಕೊಟ್ಟ ಆಂಡ್ರಾಯ್ಡ್ ತೆಗ್ದು ಹಾಕೋ ಬೇರೆ ಆಂಡ್ರಾಯ್ಡ್) ಹಾಕ್ತಿರೋನು, ಸಯನೋಜನ್‌ಮಾಡ್ 2016ರ ಕೊನೇಲಿ ನಿಂತ್ಮೇಲೆ ಲೀನಿಯೇಜ್ ಓಎಸ್. ಕಂಪನಿ ತುಂಬಿರೋ ಬೇಡದ ಆ್ಯಪ್ ಇಲ್ಲ, ಜಾಹೀರಾತಿಲ್ಲ, ಹಳೇ ಫೋನಿಗೆ ಜೀವ ಬರತ್ತೆ. ಅಷ್ಟು ಇಷ್ಟ ಇದ್ರೂ ಅಮ್ಮನ ಫೋನಿಗೆ ಬೇಡ ಅಂತೀನಿ. ಅದನ್ನ ಹಾಕೋಕೆ ಬೂಟ್‌ಲೋಡರ್ (ಫೋನ್ ಶುರು ಮಾಡೋ ಪ್ರೋಗ್ರಾಮು) ಅನ್‌ಲಾಕ್ ಮಾಡಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗತ್ತೆ, ಸುಮಾರು ಬ್ಯಾಂಕ್ ಆ್ಯಪ್ ಓಪನ್ನೇ ಆಗಲ್ಲ, ಏನಾದ್ರೂ ಕೆಟ್ರೆ ಊರಲ್ಲಿ ಯಾರ ಹತ್ರ ಹೋಗ್ತಾರೆ. ಲಾಂಚರ್ ಮಟ್ಟದಲ್ಲೇ ನಿಲ್ಲಿಸಿ. ಬಾಲ್ಡ್‌ಫೋನ್ ಅಂತ ಓಪನ್ ಸೋರ್ಸ್ ಲಾಂಚರ್ ಇದೆ, ವಯಸ್ಸಾದೋರಿಗಂತಲೇ ಮಾಡಿರೋದು, ಬಟನ್ ಎಲ್ಲ ದೊಡ್ಡದು. ಒಂದ್ಸಲ ಹಾಕಿ ನೋಡಿ.

ಭಾವ ಹೇಳಿದ್ದೂ ತಪ್ಪಲ್ಲ. ಐಓಎಸ್ 17ರಿಂದ ಐಫೋನಲ್ಲಿ ಅಸಿಸ್ಟಿವ್ ಆಕ್ಸೆಸ್ ಇದೆ, ನಾವು ಆರಿಸಿದ್ದಷ್ಟೇ ದೊಡ್ಡದಾಗಿ ಕಾಣತ್ತೆ, ಹೊರಗೆ ಬರೋಕೆ ಪಾಸ್‌ಕೋಡ್ ಬೇಕು. ಆದ್ರೆ ಗಾಜು ಅದೇ ಗಾಜು, ಒಣಗಿದ ಬೆರಳಿಗೆ ಅದೂ ತಕರಾರು ಮಾಡತ್ತೆ, ದುಡ್ಡು ಬೇರೆ ಜಾಸ್ತಿ.

ತೋಟದಮನೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಹೋಗಿ ಎಲ್ಲಾ ಮಾಡಿ ಬಂದೆ. ದಪ್ಪ ಗ್ಲಾಸ್ ಕಿತ್ತಿದ್ದು ಮತ್ತೆ ಲೇಔಟ್ ಲಾಕ್, ಇವೆರಡರಲ್ಲೇ ಮುಕ್ಕಾಲು ಸರಿ ಹೋಯ್ತು. ಇನ್ನೊಂದು ಅಮ್ಮನೇ ಕಂಡ್ಕೊಂಡಿದ್ದು: ಕಿರುಬೆರಳಿಗೆ ಅಷ್ಟು ಚೊಗರು ಹತ್ತಿರಲ್ಲ, ತುದಿ ಮೆತ್ತಗಿದೆ, ಈಗ ಎಲ್ಲಾ ಅದ್ರಲ್ಲೇ ಒತ್ತೋದು. ಧಾರವಾಡದ ಅಕ್ಕ ಹೇಳಿದ ಹಾಗೆ ನನ್ ಹಳೇ ಫೋನಿಗೂ ಅದೇ ಸೆಟ್ಟಿಂಗ್ ಹಾಕಿ ಟೇಬಲ್ ಮೇಲೆ ಇಟ್ಕೊಂಡಿದೀನಿ. ಬಟನ್ ಫೋನ್ ಬಿಸಾಕಿಲ್ಲ, ಚಾರ್ಜ್ ಹಾಕಿ ದೇವರ ಮನೆ ಗೂಡಲ್ಲಿಟ್ಟಿದೀನಿ, ಮಳೆಗಾಲದಲ್ಲಿ ಒದ್ದೆ ಕೈಗೆ ಅದೇ ಬೇಕಾಗತ್ತೆ.

ನಿನ್ನೆ ರಾತ್ರಿ ಅವ್ರೇ ವಿಡಿಯೋ ಕಾಲ್ ಮಾಡಿದ್ರು. ಕೈ ತಾಗಿ ಹಿಂದಿನ ಕ್ಯಾಮೆರಾ ಆನ್ ಆಗಿ ಅಂಗಳದ ಅಡಿಕೆ ರಾಶಿ ಕಾಣ್ತಿತ್ತು, ಮಗಳು "ಅಜ್ಜಿ ಎಲ್ಲಿ, ಅಜ್ಜಿ ಎಲ್ಲಿ" ಅಂತಿದ್ಲು. ಕ್ಯಾಮೆರಾ ತಿರುಗಿಸೋ ಆ ಬಟನ್ನಿಗೂ ಬೀಗ ಹಾಕೋ ದಾರಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.