ಕೀಫ್ರೇಮ್, ರಿಗ್ಗಿಂಗ್, ಎಕ್ಸ್‌ಟ್ರೂಡ್: ಕನ್ನಡದಲ್ಲಿ ಏನಂತೀರಿ? (ತುರ್ತು)

ಗದಗದಿಂದ:
ಎಲ್ಲರಿಗೂ ನಮಸ್ಕಾರ. ಬೆಟಗೇರಿಯಲ್ಲಿ ಹುಡುಗರಿಗೆ ಕಂಪ್ಯೂಟರಿನಲ್ಲಿ ನಕ್ಷೆ, ತ್ರೀಡಿ ಆಕೃತಿ, ಆನಿಮೇಷನ್ ಮಾಡುವ ಆಟೋಕ್ಯಾಡ್, ಬ್ಲೆಂಡರ್ ಹೇಳಿಕೊಡುತ್ತೇನೆ. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಬರೀ ‘ಮಾಡೆಲಿಂಗ್’ ಅಂತ ಬರೆಸಿದರೆ ಫ್ಯಾಷನ್ ಶೋ ಕ್ಲಾಸಾ ಅಂತ ಕೇಳುತ್ತಾರೆ. ‘ಮಾದರಿ ರಚನೆ’ ಅಂದರೆ ಥರ್ಮಾಕೋಲ್ ಮನೆ ಅಂದುಕೊಳ್ಳುತ್ತಾರೆ. ಪಾಠದ ಹಾಳೆಗೆ ಮೇಲಿನ ಮೂರು ಪದಗಳೂ ಬೇಕು. ನಿಘಂಟಿನಿಂದ ಎತ್ತಿ ಹಾಕಬೇಡಿ, ನೋಡಿ ಆಗಿದೆ.

ಧಾರವಾಡದಿಂದ:
ಕೀಲಿಚೌಕಟ್ಟು, ಅಸ್ಥಿಸಂಯೋಜನೆ, ಬಹಿಸ್ಸಾರಣ. ಇದರಲ್ಲಿ ಕೇಳುವುದೇನಿದೆ?

ಹುಬ್ಬಳ್ಳಿಯಿಂದ:
‘ಅಸ್ಥಿಸಂಯೋಜನೆ’ ಮೂಳೆ ಡಾಕ್ಟರ ಬೋರ್ಡಿಗೆ ಇರಲಿ. ‘ಕೀಲಿಚೌಕಟ್ಟು’ ಇನ್ನೂ ಕೆಟ್ಟದ್ದು. ನಮ್ಮ ಕಡೆ ಕೀಲಿ ಅಂದರೆ ಬೀಗ. ಅದನ್ನು ತೆಗೆಯುವುದು ಕೀಲಿಕೈ. ಬ್ಲೆಂಡರ್‌ನಲ್ಲಿ ವಸ್ತು ಜರುಗದಂತೆ ಲಾಕ್ ಮಾಡುವ ಸೌಲಭ್ಯ ಬೇರೆಯೇ ಇದೆ. ಕೀಲಿ ಅಂತ ಓದಿದ ಹುಡುಗ ಅಲ್ಲಿಗೇ ಹೋಗುತ್ತಾನೆ. ಕೀಫ್ರೇಮ್ ಕೆಲಸವೇ ಬೇರೆ. 1ನೇ ಫ್ರೇಮಿನಲ್ಲಿ ಚೆಂಡು ಮೇಲಿದೆ, 24ನೆಯದರಲ್ಲಿ ಕೆಳಗಿದೆ ಅಂತ ಎರಡು ಕಡೆ ಗುರುತು ಹಾಕುತ್ತೀರಿ. ನಡುವಿನ ಫ್ರೇಮುಗಳನ್ನು ಸಾಫ್ಟ್‌ವೇರ್ ತಾನೇ ತುಂಬುತ್ತದೆ. ‘ನೆಲೆಚಿತ್ರ’ ಅನ್ನಿ. ರಿಗ್ಗಿಂಗ್‌ಗೆ ‘ಕೀಲು ಕೂಡಿಸುವುದು’. ಗೊಂಬೆಯ ಕೈಕಾಲು ಆಡಿಸಲು ಒಳಗೆ ಮೂಳೆ, ಕೀಲು ಜೋಡಿಸುವ ಕೆಲಸ ಅದು. ಕೀಲುಗೊಂಬೆ ಅನ್ನುವ ಪದ ನಮ್ಮಲ್ಲಿ ಇದ್ದೇ ಇದೆ, ಮತ್ತೇಕೆ ಪರದಾಟ? ಎಕ್ಸ್‌ಟ್ರೂಡ್‌ಗೆ ‘ಎಬ್ಬಿಸು’. ಚಪ್ಪಟೆ ಆಕೃತಿಯನ್ನು ಎಳೆದು ಗಾತ್ರ ಕೊಡುವ ಕೆಲಸ ತಾನೇ ಅದು? ನೆಲದ ಮೇಲೆ ಗೆರೆ ಹಾಕಿ ಗೋಡೆ ಎಬ್ಬಿಸುವುದು ಗೌಂಡಿಗಳ ಮಾತು.

ಹಾವೇರಿಯಿಂದ:
ಎಕ್ಸ್‌ಟ್ರೂಡ್ ಬರೀ ಮೇಲಕ್ಕೆ ಹೋಗಲ್ಲ. ಅಡ್ಡಡ್ಡಕ್ಕೂ ಹೋಗುತ್ತೆ, ಕೆಳಕ್ಕೂ ಹೋಗುತ್ತೆ. ‘ಎಬ್ಬಿಸು’ ಸಾಲದು, ‘ಚಾಚು’ ಸರಿ. ಶಾವಿಗೆ ನೆನಪಿಸಿಕೊಂಡು ಯಾರೋ ‘ಒತ್ತು’ ಅಂತಾರೆ, ಈಗಲೇ ಹೇಳಿಬಿಡ್ತೀನಿ: ಬಟನ್ ಒತ್ತುವುದಕ್ಕೆ ಆ ಪದ ಬೇಕು. ಹಾಳೆಯಲ್ಲಿ ಎಕ್ಸ್‌ಟ್ರೂಡ್ ಅನ್ನುವುದೂ ಪಕ್ಕದಲ್ಲಿರಲಿ. ಬ್ಲೆಂಡರ್‌ನಲ್ಲಿ ಅದಕ್ಕೆ ಒತ್ತಬೇಕಾದದ್ದು ‘ಇ’. ‘ಚಾಚು’ ಒಂದೇ ಕಲಿತವನು ಆ ‘ಇ’ಯನ್ನು ಹೇಗೆ ನೆನಪಿಟ್ಟುಕೊಳ್ಳಬೇಕು?

ಧಾರವಾಡದಿಂದ:
‘ನೆಲೆಚಿತ್ರ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ದೋಷ. ವ್ಯಾಕರಣಕಾರ ಕೇಶಿರಾಜನನ್ನು ಓದಿದವರು ಹೀಗೆ ಬರೆಯಲಾರರು. ಇನ್ನು ‘ಕೀಲು’ ಸಂಸ್ಕೃತದ ಕೀಲ. ಅಚ್ಚಕನ್ನಡ ಅಂತ ಬೀಗುವ ಅಗತ್ಯವಿಲ್ಲ.

ಹುಬ್ಬಳ್ಳಿಯಿಂದ:
ಅಚ್ಚಕನ್ನಡ ಅಂತ ನಾನೆಲ್ಲಿ ಹೇಳಿದೆ? ತಮ್ಮ ‘ಚೌಕಟ್ಟು’ ಇದೆಯಲ್ಲ, ಅದರ ‘ಚೌ’ ಯಾವ ಊರಿನದು?

ಧಾರವಾಡದಿಂದ:
ತದ್ಭವಕ್ಕೆ ಆ ದೋಷ ತಟ್ಟುವುದಿಲ್ಲ. ಸೂತ್ರ ಪೂರ್ತಿ ಓದಿ.

ಹುಬ್ಬಳ್ಳಿಯಿಂದ:
ಬಿರುದಾವಳಿಗೂ ತಟ್ಟುವುದಿಲ್ಲ, ಓದಿದ್ದೇನೆ. ಎಂಟುನೂರು ವರ್ಷದ ಹಿಂದೆ ಕವಿಗಳಿಗೆ ಹಾಕಿದ ಕಟ್ಟಳೆಯನ್ನು ಪಾಲಿಟೆಕ್ನಿಕ್ ಹುಡುಗನ ತಲೆಗೆ ಕಟ್ಟಬೇಡಿ. ನಮ್ಮ ಕನ್ನಡದಲ್ಲಿ ಮರಾಠಿ, ಪಾರ್ಸಿ, ಪೋರ್ಚುಗೀಸ್ ಎಲ್ಲ ಕೂತಿವೆ. ಪಗಾರ ಎಣಿಸುವಾಗ ಅದು ಪೋರ್ಚುಗೀಸ್ ಅಂತ ಯಾರಾದರೂ ಬೇಡ ಅಂದಿದ್ದಾರಾ?

ಧಾರವಾಡದಿಂದ:
ನನಗೆ ಪಗಾರ ನಿಂತು ಬಹಳ ವರ್ಷವಾಯಿತು. ಬರುವುದು ಪಿಂಚಣಿ.

ಹಾವೇರಿಯಿಂದ:
ಅದು ಇಂಗ್ಲಿಷಿಂದ ಬಂದದ್ದು, ಸರ್.

ಗದಗದಿಂದ:
ಬೋರ್ಡಿಗೆ ‘ತ್ರೀಡಿ ಮಾಡೆಲಿಂಗ್ ಮತ್ತು ಆನಿಮೇಷನ್ ಕಲಿಯಿರಿ’ ಅಂತ ಬರೆಸುತ್ತಿದ್ದೇನೆ. ‘ತ್ರೀಡಿ’ ಇದ್ದರೆ ಫ್ಯಾಷನ್‌ನವರು ಬರಲ್ಲ, ಅಲ್ವಾ? ಹಾಳೆಗೆ ‘ಚಾಚು’, ‘ಕೀಲು ಕೂಡಿಸು’ ತಗೊಂಡೆ. ಕೀಫ್ರೇಮ್ ಸದ್ಯ ಕೀಫ್ರೇಮೇ. ಇನ್ನು ‘ರೆಂಡರ್’ (ಮಾಡಿದ್ದನ್ನು ಅಂತಿಮ ಚಿತ್ರವಾಗಿ ತೆಗೆಯುವುದು) ಬಾಕಿ ಇದೆ.

ಧಾರವಾಡದಿಂದ:
ಬೇರೆ ಪತ್ರದಲ್ಲಿ ಕೇಳಿ.