ಅಪ್‌ಡೇಟ್: ಅಮ್ಮನ ಭುಜ ನೋವು, ಮೂರು ತಿಂಗಳ ನಂತರ

ಅಮ್ಮನಿಗೆ ಬಲಗೈ ಮೇಲೆತ್ತಲು ಆಗುತ್ತಿಲ್ಲ, ಫಿಸಿಯೋಥೆರಪಿಯಿಂದ ಉಪಯೋಗ ಇದೆಯಾ ಅಂತ ಕೇಳಿದ್ದೆ ಅಲ್ವಾ, ಉಪಯೋಗ ಇದೆ.

ಡಾಕ್ಟರ್ ನೋಡಿ ಫ್ರೋಜನ್ ಶೋಲ್ಡರ್ ಅಂದರು. ಶುಗರ್ ಇರುವವರಿಗೆ ಇದು ಜಾಸ್ತಿ, ಅಮ್ಮನಿಗೂ ಇದೆ. ಭುಜದ ಕೀಲಿನ ಸುತ್ತಲಿನ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತದೆ, ನೋವು ಅಂತ ಕೈ ಆಡಿಸದೆ ಇಟ್ಟರೆ ಇನ್ನೂ ಬಿಗಿ. ನಾವು ಮಾಡಿದ್ದು ಅದೇ ತಪ್ಪು, ಎರಡು ತಿಂಗಳು ಸುಮ್ನೆ ಎಣ್ಣೆ ತಿಕ್ಕಿ ಕೂರಿಸಿದ್ದೆವು.

ಉಡುಪಿಯಲ್ಲೇ ವಾರಕ್ಕೆ ಮೂರು ದಿನ ಹೋದೆವು. ಮೊದಲು 15 ನಿಮಿಷ ಶಾಖ, ಆಮೇಲೆ ಮುಂದಕ್ಕೆ ಬಗ್ಗಿ ಕೈ ತೂಗಾಡಿಸುವುದು, ಗೋಡೆ ಮೇಲೆ ಬೆರಳು ಹತ್ತಿಸುತ್ತಾ ಹೋಗುವುದು, ಮತ್ತೆ ಹಗ್ಗ ಮತ್ತು ರಾಟೆ. ರಾಟೆ ನೋಡಿ ಅಮ್ಮ, "ಇದಕ್ಕೆ ದುಡ್ಡು ಕೊಡ್ಬೇಕಾ ಮಾರಾಯ, ನಮ್ಮ ಬಾವಿಯಲ್ಲೇ ಇದೆಯಲ್ಲ" ಅಂದರು. ಆದರೆ ಇಲ್ಲಿ ಕೊಡಪಾನದ ಭಾರ ಇಲ್ಲ, ಒಳ್ಳೆ ಕೈ ಎಳೆದಾಗ ನೋವಿನ ಕೈ ತಾನಾಗಿ ಮೇಲೇಳುತ್ತದೆ.

ಮೊದಲ ಎರಡು ವಾರ ರಾತ್ರಿ ನೋವು ಇಳಿಯಲೇ ಇಲ್ಲ, ನಿಲ್ಲಿಸುವ ಅಂತಲೇ ಇದ್ದರು. ಮನೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕುತ್ತಾ ಬಂದೆ. ಶುರುವಿನಲ್ಲಿ ಸ್ವಿಚ್ ಬೋರ್ಡ್ ತನಕ, ಈಗ ಕ್ಯಾಲೆಂಡರ್ ಮೊಳೆ ದಾಟಿದೆ. ಬೆನ್ನ ಹಿಂದೆ ಕೈ ಇನ್ನೂ ಹೋಗುವುದಿಲ್ಲ, ಪೂರ್ತಿ ಸರಿಯಾಗಲು ವರ್ಷ ಮೇಲೆ ಹಿಡಿಯಬಹುದಂತೆ. ನಿನ್ನೆ ಮಾತ್ರ ಬಸ್ಸಿನ ಮೇಲಿನ ರಾಡ್ ಹಿಡಿದು ಮಣಿಪಾಲದ ತನಕ ನಿಂತೇ ಹೋದರು.